ಜೋಡಿ ತಂತಿ ಕನೆಕ್ಟರ್ ಪೇಟೆಂಟ್: ಎಕ್ಸಾಮಿನರ್ 102, 103 ಎರಡೂ ಹಾಕಿದಾರೆ, ಉತ್ತರದಲ್ಲಿ ಏನು ಬರೀಬೇಕು?

ಹುರಿತಂತಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಹಾಕಿದ್ದ ನಮ್ಮ ಕನೆಕ್ಟರ್ ಅಪ್ಲಿಕೇಶನ್‌ಗೆ ಮೊದಲನೇ ಆಫೀಸ್ ಆಕ್ಷನ್ (ಎಕ್ಸಾಮಿನರ್ ಕಳಿಸೋ ಆಕ್ಷೇಪದ ಪತ್ರ) ಬಂದಿದೆ, ನಾನ್ ಫೈನಲ್. 102 ಅಂದ್ರೆ ಇದು ಹೊಸದಲ್ಲ ಅನ್ನೋ ಆಕ್ಷೇಪ, 103 ಅಂದ್ರೆ ಹಳೇದು ಗೊತ್ತಿರೋರಿಗೆ ಸುಲಭವಾಗಿ ಹೊಳೆಯೋದು ಅನ್ನೋ ಆಕ್ಷೇಪ. ಅಟಾರ್ನಿ ಇದಾರೆ, ಆದ್ರೆ ಟೆಕ್ನಿಕಲ್ ಪಾಯಿಂಟ್ಸ್ ನೀವೇ ಬರೆದು ಕಳಿಸಿ ಅಂದಿದಾರೆ. ಅಪ್ಲಿಕೇಶನ್ ಆಗ್ಲೇ ಪಬ್ಲಿಶ್ ಆಗಿರೋದ್ರಿಂದ ಇಲ್ಲಿ ಬಿಡಿಸಿ ಹೇಳೋದಕ್ಕೆ ತೊಂದ್ರೆ ಇಲ್ಲ.

ಡಿಸೈನ್ ಹೀಗಿದೆ. ಕೇಬಲ್‌ನಲ್ಲಿ ಎರಡು ಟ್ವಿಸ್ಟೆಡ್ ಪೇರ್, ಅಂದ್ರೆ ಹುರಿ ಹೊಸೆದ ತಂತಿ ಜೋಡಿ. ಕನೆಕ್ಟರ್ ಒಳಗೆ ನಾಲ್ಕು ಐಡಿಸಿ ಕಾಂಟ್ಯಾಕ್ಟ್ (ತಂತಿಯ ಹೊದಿಕೆ ಕೊಯ್ದು ಹಿಡಿಯೋ ಸ್ಲಾಟ್ ಇರೋ ಲೋಹದ ತುಂಡು), ಒಂದು ಚೌಕದ ನಾಲ್ಕು ಮೂಲೆಯಲ್ಲಿ. ಎದುರು ಬದುರು ಮೂಲೆಯ ಎರಡು ಸೇರಿ ಒಂದು ಜೋಡಿ, ಅಂದ್ರೆ ಒಂದು ಜೋಡಿಯ ಗೆರೆ ಇನ್ನೊಂದರ ಗೆರೆಗೆ ಲಂಬವಾಗಿರುತ್ತೆ. ಹಿಂದುಗಡೆ ಒಂದು ಪ್ಲಾಸ್ಟಿಕ್ ಸೆಪರೇಟರ್, ಅದರಲ್ಲಿ ಪ್ರತಿ ಜೋಡಿಗೂ ಒಂದೊಂದು ಚಾನಲ್. ಜೋಡಿ ಹುರಿ ಬಿಚ್ಚದೆ ಚಾನಲ್‌ನಲ್ಲಿ ಬಂದು ಕೊನೇಲಿ ಒಂದು ಚೂಪು ಮೂತಿಗೆ ತಾಗಿ ಎರಡು ಕಡೆಗೆ ಬೇರೆಯಾಗುತ್ತೆ. ಎರಡೂ ಜೋಡಿ ನಡುವಲ್ಲಿ ಒಂದಕ್ಕೊಂದು ಅಡ್ಡ ಬರಬಾರದು ಅಂತ ಒಂದರ ಮೂತಿ ಸ್ವಲ್ಪ ಮುಂದೆ, ಇನ್ನೊಂದರದ್ದು ಸ್ವಲ್ಪ ಹಿಂದೆ ಇಟ್ಟಿದೀವಿ.

ಕ್ಲೇಮ್ ಅಂದ್ರೆ ನಾವು ಹಕ್ಕು ಕೇಳಿರೋ ಸಾಲು, ಅದರಲ್ಲಿ ಕ್ಲೇಮ್ 1ರಲ್ಲಿ ಇರೋದು ಹೌಸಿಂಗ್, ಮೊದಲ ಜೋಡಿ ಕಾಂಟ್ಯಾಕ್ಟ್, ಅದಕ್ಕೆ ಲಂಬವಾಗಿ ಎರಡನೇ ಜೋಡಿ, ನಡುವೆ ಸೆಪರೇಟರ್, ಇದರಿಂದ ಜೋಡಿಗಳ ನಡುವಿನ ಕ್ರಾಸ್‌ಟಾಕ್ (ಒಂದರ ಸಿಗ್ನಲ್ ಇನ್ನೊಂದಕ್ಕೆ ಸೋರೋದು) ಕಮ್ಮಿಯಾಗುತ್ತೆ. ಕ್ಲೇಮ್ 4ರಲ್ಲಿ ಸ್ಲಾಟ್ ತಂತಿಗೆ 45 ಡಿಗ್ರಿ ಓರೆ. ಕ್ಲೇಮ್ 7ರಲ್ಲಿ ಸ್ಲಾಟ್‌ಗೆ 5 ಮಿಮೀ ಹತ್ತಿರದವರೆಗೂ ಹುರಿ ಉಳಿಯುತ್ತೆ.

ಎಕ್ಸಾಮಿನರ್ ಕ್ಲೇಮ್ 1ಕ್ಕೆ 102 ಹಾಕಿದಾರೆ, ಒಂದೇ ಡಾಕ್ಯುಮೆಂಟ್, ಡಿ1 ಅಂತ ಇಟ್ಕೊಳ್ಳಿ. ಅದು ನಾಲ್ಕು ಪಿನ್‌ನ ಪವರ್ ಕನೆಕ್ಟರ್!! ಅದರಲ್ಲಿ ಜೋಡಿ ಅನ್ನೋ ಮಾತೇ ಇಲ್ಲ, ಎರಡು ಪಿನ್ ಪವರ್, ಒಂದು ಅರ್ಥ್, ಒಂದು ಸೆನ್ಸ್. ಕ್ಲೇಮ್ 4, 7ಕ್ಕೆ 103. ಕ್ಲೇಮ್ 4ಕ್ಕೆ ಡಿ1 ಜೊತೆ ಒಂದು ಟೆಲಿಫೋನ್ ಟರ್ಮಿನಲ್ ಬ್ಲಾಕ್. ಕ್ಲೇಮ್ 7ಕ್ಕೆ ಡಿ1 ಜೊತೆ ಡಿ3 ಅನ್ನೋ ಇನ್ನೊಂದು ಡಾಕ್ಯುಮೆಂಟ್, ಅದರ ಒಂದು ಚಿತ್ರದಲ್ಲಿ ಹುರಿ ಕಾಂಟ್ಯಾಕ್ಟ್ ಹತ್ತಿರದವರೆಗೂ ಕಾಣುತ್ತೆ, 5 ಮಿಮೀ ಅನ್ನೋದು ರೊಟೀನ್ ಆಪ್ಟಿಮೈಸೇಶನ್ (ಮಾಮೂಲಿ ಪ್ರಯೋಗದಲ್ಲೇ ಸಿಗೋ ಅಳತೆ) ಅಂತ ಬರೆದಿದಾರೆ. ಪವರ್ ಕನೆಕ್ಟರ್ ನಮ್ಮ ಫೀಲ್ಡೇ ಅಲ್ಲ, ಕ್ರಾಸ್‌ಟಾಕ್ ಟೆಸ್ಟ್ ಡೇಟಾ ನಮ್ಮ ಹತ್ರ ಚೆನ್ನಾಗಿದೆ. ಇವೆರಡನ್ನ ಗಟ್ಟಿಯಾಗಿ ವಾದ ಮಾಡಿದ್ರೆ ಸಾಕಾ?

---

ಕ್ಲೇಮ್‌ಚಾರ್ಟ್ ಉತ್ತರ:

ಸಾಕಾಗಲ್ಲ ಸರ್, ಕ್ಲೇಮ್ 1ರ ಮಟ್ಟಿಗೆ ಈ ಎರಡೂ ವಾದ ನಿಲ್ಲಲ್ಲ.

ನಮ್ಮ ಫೀಲ್ಡ್ ಅಲ್ಲ ಅನ್ನೋ ವಾದ 103ಕ್ಕೆ ಮಾತ್ರ. 102ರಲ್ಲಿ ಡಾಕ್ಯುಮೆಂಟ್ ಯಾವ ಫೀಲ್ಡಿಂದ ಬಂದ್ರೂ ನಡೆಯುತ್ತೆ, ಕ್ಲೇಮ್‌ನಲ್ಲಿರೋ ಪ್ರತಿಯೊಂದು ಭಾಗ ಅದೇ ಜೋಡಣೆಯಲ್ಲಿ ಆ ಒಂದೇ ಡಾಕ್ಯುಮೆಂಟ್‌ನಲ್ಲಿ ಇದ್ರೆ ಮುಗೀತು. ಟೆಸ್ಟ್ ಡೇಟಾನೂ ಅಷ್ಟೇ, ಅನಿರೀಕ್ಷಿತ ಫಲಿತಾಂಶ ಅಂತ ಎಷ್ಟೇ ತೋರಿಸಿದ್ರೂ 102 ಹೋಗಲ್ಲ.

ಈಗ ಡಿ1ರಲ್ಲಿ ಜೋಡಿ ಇಲ್ಲ ಅನ್ನೋದಕ್ಕೆ ಬನ್ನಿ. ನೀವು ಕ್ಲೇಮ್ ಮಾಡಿರೋದು ಕನೆಕ್ಟರ್, ಕೇಬಲ್ ಅಲ್ಲ. ನಾಲ್ಕು ಮೂಲೇಲಿ ನಾಲ್ಕು ಲೋಹದ ಕಾಂಟ್ಯಾಕ್ಟ್ ಇದ್ರೆ ಎದುರು ಬದುರಿನದ್ದನ್ನ ಜೋಡಿ ಅಂತ ಕರೆಯೋದಕ್ಕೆ ಎಕ್ಸಾಮಿನರ್‌ಗೆ ಅಡ್ಡಿ ಏನೂ ಇಲ್ಲ, ಯಾಕಂದ್ರೆ ಪರೀಕ್ಷೆ ಹೊತ್ತಲ್ಲಿ ಕ್ಲೇಮ್‌ನ ಸಮಂಜಸವಾಗಿ ಎಷ್ಟು ಅಗಲವಾಗಿ ಓದೋಕಾಗುತ್ತೋ ಅಷ್ಟು ಅಗಲವಾಗಿ ಓದಬೇಕು ಅನ್ನೋದೇ ಅಲ್ಲಿನ ನಿಯಮ. ಆ ಪಿನ್‌ಗೆ ಪವರ್ ಕೊಡ್ತೀರೋ ಡಿಫರೆನ್ಷಿಯಲ್ ಸಿಗ್ನಲ್ (ಜೋಡಿಯ ಎರಡು ತಂತೀಲಿ ಒಂದಕ್ಕೊಂದು ಉಲ್ಟಾ ಹೋಗೋ ಸಿಗ್ನಲ್) ಕೊಡ್ತೀರೋ ಅದು ಬಳಕೆಯ ವಿಷಯ. ಹ್ಯೂಲೆಟ್ ಪ್ಯಾಕರ್ಡ್ ವರ್ಸಸ್ ಬಾಶ್ ಅಂಡ್ ಲಾಂಬ್ 1990ರ ತೀರ್ಪು ಇದಕ್ಕೆ ಯಾವಾಗಲೂ ಬರುತ್ತೆ, ವಸ್ತುವಿನ ಕ್ಲೇಮ್ ಅಂದ್ರೆ ವಸ್ತು ಏನಾಗಿದೆ ಅನ್ನೋದು, ಅದು ಏನು ಮಾಡುತ್ತೆ ಅನ್ನೋದಲ್ಲ. ಇನ್ನು "ಇದರಿಂದ ಕ್ರಾಸ್‌ಟಾಕ್ ಕಮ್ಮಿಯಾಗುತ್ತೆ" ಅನ್ನೋ ಬಾಲ ಇದೆಯಲ್ಲ, ಅದು ಫಲಿತಾಂಶ. ಅದೇ ಆಕಾರ ಡಿ1ರಲ್ಲಿದ್ರೆ ಅದೇ ಗುಣಾನೂ ಅಲ್ಲಿ ಅಂತರ್ಗತವಾಗಿ ಇದೆ ಅಂತ ಒಂದೇ ಸಾಲಲ್ಲಿ ತಳ್ಳಿಹಾಕ್ತಾರೆ.

ಜೋಡಿ ಅನ್ನೋದು ಪ್ಲಾಸ್ಟಿಕ್ಕಲ್ಲಿ, ಲೋಹದಲ್ಲಿ ಎಲ್ಲಿ ಕಾಣುತ್ತೆ ಅಂತ ಹುಡುಕಿ ಅದನ್ನ ಬರೀಬೇಕು. ನಿಮ್ಮಲ್ಲಿ ಅದು ಚಾನಲ್‌ನಲ್ಲಿದೆ, ಎರಡು ತಂತಿ ಒಟ್ಟಿಗೆ ಒಂದೇ ಚಾನಲ್‌ಗೆ ಹೋಗಿ ಮೂತಿ ಹತ್ರ ಬೇರೆಯಾಗುತ್ತೆ. ಡಿ1ರಲ್ಲಿ ಪ್ರತಿ ಪಿನ್‌ಗೂ ಬೇರೆ ಬೇರೆ ತೂತು ಇರಬಹುದು, ನೋಡಿ ಹೇಳಿ.

ಡಿ3 ಚಿತ್ರದ ಬಗ್ಗೆ ಮಾತ್ರ ನಿಮಗೆ ಒಳ್ಳೆ ಹಿಡಿತ ಇದೆ. ಆ ಡಾಕ್ಯುಮೆಂಟ್ ಚಿತ್ರ ಸ್ಕೇಲ್‌ಗೆ ಇದೆ ಅಂತ ಎಲ್ಲೂ ಹೇಳಿಲ್ಲ, ಪಠ್ಯದಲ್ಲಿ ಅಳತೆನೂ ಇಲ್ಲ ಅಂದ್ರೆ ಚಿತ್ರದ ಮೇಲೆ ಸ್ಕೇಲ್ ಇಟ್ಟು ಅಳೆದದ್ದಕ್ಕೆ ಬೆಲೆ ತುಂಬಾ ಕಮ್ಮಿ. ಎಕ್ಸಾಮಿನರ್‌ಗಳ ಕೈಪಿಡಿ ಎಂಪಿಇಪಿಯ 2125ರಲ್ಲೇ ಇದಿದೆ. ಚಿತ್ರ ಆಕಾರ ತೋರಿಸಬಹುದು, ಮಿಲಿಮೀಟರ್ ತೋರಿಸಲ್ಲ.

---

ಸಿಗ್ನಲ್‌ದಾರಿ ಉತ್ತರ:

ನಾನು ಪೇಟೆಂಟ್ ಕಡೆಯವನಲ್ಲ, ಕೇಬಲ್, ಕನೆಕ್ಟರ್ ಕೆಲಸ ಮಾಡೋನು, ಹಾಗಾಗಿ ಎಂಜಿನಿಯರಿಂಗ್ ಕಡೆಯಿಂದ ಹೇಳ್ತೀನಿ. 102ರಿಂದ ಹೇಗೋ ಪಾರಾದ್ರೂ ಲಂಬ ಜೋಡಣೆ ಮೇಲೆ ಭಾರ ಹಾಕ್ಬೇಡಿ ದಯವಿಟ್ಟು, ಅದು ಸ್ಟಾರ್ ಕ್ವಾಡ್. ನಾಲ್ಕು ತಂತಿ ಚೌಕದ ಮೂಲೇಲಿ, ಕರ್ಣದ ಎರಡೆರಡು ಒಂದು ಜೋಡಿ, ಕೇಬಲ್ ಲೋಕದಲ್ಲಿ ಇದು ತುಂಬಾ ಹಳೇದು, ಕಾರುಗಳ ಡೇಟಾ ಕೇಬಲ್‌ಗೆ ಬಳಸೋ ಎಚ್‌ಎಸ್‌ಡಿ ಕನೆಕ್ಟರ್‌ನಲ್ಲೂ ಇದೇ ಇದೆ. ಯಾಕೆ ಕೆಲಸ ಮಾಡುತ್ತೆ ಅನ್ನೋದೂ ಎಲ್ಲರಿಗೂ ಗೊತ್ತಿರೋದೇ, ಒಂದು ಜೋಡಿಯ ಪ್ಲಸ್ ತಂತಿ, ಮೈನಸ್ ತಂತಿ ಎರಡೂ ಇನ್ನೊಂದು ಜೋಡಿಯ ಪ್ರತಿ ತಂತಿಗೂ ಸಮ ದೂರದಲ್ಲಿರೋದ್ರಿಂದ ಅವು ಹುಟ್ಟಿಸೋ ವೋಲ್ಟೇಜ್ ಒಂದನ್ನೊಂದು ಹೊಡೆದುಹಾಕುತ್ತೆ. ಎಕ್ಸಾಮಿನರ್ ಇನ್ನೊಂದು ಸಲ ಸರ್ಚ್ ಮಾಡಿದ್ರೆ ಡಿ1ಕ್ಕಿಂತ ಗಟ್ಟಿ ಡಾಕ್ಯುಮೆಂಟ್ ಸಿಕ್ಕೇ ಸಿಗುತ್ತೆ.

45 ಡಿಗ್ರಿನೂ ಬಿಟ್ಬಿಡಿ. ಟೆಲಿಫೋನ್ ತಂತಿ ಕೂರಿಸೋ ಕ್ರೋನ್ ಎಲ್‌ಎಸ್‌ಎ ಪ್ಲಸ್ ಟರ್ಮಿನಲ್‌ಗಳಲ್ಲಿ ಕಾಂಟ್ಯಾಕ್ಟ್ 45 ಡಿಗ್ರಿ ಓರೆಯಾಗಿರೋದನ್ನ ಈ ಕೆಲಸದಲ್ಲಿರೋ ಎಲ್ಲರೂ ನೋಡಿದಾರೆ.

5 ಮಿಮೀ ವಿಷಯಕ್ಕೆ ಬಂದ್ರೆ, ಕ್ಯಾಟ್ 5ಇ ಮತ್ತು ಅದಕ್ಕಿಂತ ಮೇಲಿನ ದರ್ಜೆಯ ನೆಟ್‌ವರ್ಕ್ ಕೇಬಲ್‌ಗೆ ಟರ್ಮಿನೇಶನ್‌ನಲ್ಲಿ ಹುರಿ ಬಿಚ್ಚೋದು 13 ಮಿಮೀ ದಾಟಬಾರದು ಅಂತ ಟಿಐಎ 568 ಸ್ಟ್ಯಾಂಡರ್ಡ್‌ನಲ್ಲೇ ಇದೆ. ಅಂದ್ರೆ ಬಿಚ್ಚಿದ ಉದ್ದ ಕಮ್ಮಿಯಾದಷ್ಟೂ ಒಳ್ಳೇದು ಅನ್ನೋದು ಬರೆದಿಟ್ಟ ಜ್ಞಾನ. 13 ಇದ್ದದ್ದನ್ನ 5 ಮಾಡಿದೀವಿ ಅಂದ್ರೆ ಅವರು ರೊಟೀನ್ ಅಂತ ಅನ್ನೋದು ನನಗೆ ಸರಿ ಅನ್ಸುತ್ತೆ.

ಆದ್ರೆ ಒಂದು ಮಾತು. ಆರ್‌ಜೆ45ರಲ್ಲಿ (ನೆಟ್‌ವರ್ಕ್ ಕೇಬಲ್‌ನ ಮಾಮೂಲಿ ಕನೆಕ್ಟರ್) ತಲೆನೋವು ಏನಂದ್ರೆ 3, 6ನೇ ಪಿನ್ ಒಂದು ಜೋಡಿ, ಅದರ ಹೊಟ್ಟೆ ಒಳಗೆ 4, 5 ಇನ್ನೊಂದು ಜೋಡಿ, ಅಲ್ಲಿ ಹುರಿ ಬಿಚ್ಚಿ ತಂತಿ ಅಗಲಿಸಲೇಬೇಕು, ಕ್ರಾಸ್‌ಟಾಕ್ ಅಲ್ಲೇ ಹುಟ್ಟುತ್ತೆ. ಅದಕ್ಕೆ ಜ್ಯಾಕ್ ಒಳಗೆ ಲೀಡ್‌ಗಳನ್ನ ಒಂದರ ಮೇಲೊಂದು ದಾಟಿಸಿ ಉಲ್ಟಾ ಕಪ್ಲಿಂಗ್ ಹುಟ್ಟಿಸೋದು 90ರ ದಶಕದಿಂದ ಬಂದಿದೆ. ಅಂದ್ರೆ ಇದರಲ್ಲಿ ಕಷ್ಟದ ಜಾಗ ಕಾಂಟ್ಯಾಕ್ಟ್ ಅಲ್ಲ, ಹುರಿಯಿಂದ ಕಾಂಟ್ಯಾಕ್ಟ್‌ಗೆ ಹೋಗೋ ಆ ಸಣ್ಣ ದಾರಿ. ಅಲ್ಲಿ ನೀವು ಏನೋ ಮಾಡಿದೀರಿ, ಒಂದು ಮೂತಿ ಮುಂದೆ, ಒಂದು ಹಿಂದೆ. ಎರಡೂ ಜೋಡಿ ಒಂದೇ ಆಳದಲ್ಲಿ ಬೇರೆಯಾದ್ರೆ ನಡುವಲ್ಲಿ ತಂತಿ ಒಂದರ ಮೇಲೊಂದು ಕೂತು ಸಿಮೆಟ್ರಿ ಕೆಡುತ್ತೆ, ಸ್ಟಾರ್ ಕ್ವಾಡ್‌ನ ಲಾಭ ಕಾಂಟ್ಯಾಕ್ಟ್ ತಲುಪೋ ಮುಂಚೆನೇ ಹೋಗುತ್ತೆ. ನಿಮ್ಮ ಜೋಡಣೆ ಆ ಸಿಮೆಟ್ರಿ ಉಳಿಸುತ್ತೆ. ನೀವು ಅದನ್ನ ಅಡ್ಡ ಬರಬಾರದು ಅಂತ ಅಂದು ಮುಂದಕ್ಕೆ ಹೋಗಿಬಿಟ್ರಿ, ಕ್ಲೇಮ್‌ನಲ್ಲಂತೂ ಅದು ಇಲ್ಲವೇ ಇಲ್ಲ!

---

ಹುರಿತಂತಿ:

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಡಿ1 ಮತ್ತೆ ಓದಿದೆ, ಅಲ್ಲಿ ಪ್ರತಿ ತಂತಿಗೂ ಬೇರೆ ತೂತೇ ಇದೆ. ಮೂತಿ ಹಿಂದೆ ಮುಂದೆ ಇರೋದು ನಮ್ಮ 3ನೇ ಚಿತ್ರದ ಅಡ್ಡ ಕೊಯ್ತದಲ್ಲಿ ಸ್ಪಷ್ಟವಾಗಿ ಕಾಣುತ್ತೆ, ವಿವರಣೆಯಲ್ಲೂ ಅದರ ಬಗ್ಗೆ ಒಂದು ಪ್ಯಾರಾ ಇದೆ, ಆದ್ರೆ ಎಷ್ಟು ಅಂತರ ಅನ್ನೋ ಅಳತೆ ಕೊಟ್ಟಿಲ್ಲ. ಅದನ್ನ ಈಗ ಕ್ಲೇಮ್‌ಗೆ ತರಬಹುದಾ? ಇನ್ನೊಂದು ಯೋಚನೆ ಬಂತು, ಕೇಬಲ್‌ನೇ ಕ್ಲೇಮ್ ಒಳಗೆ ಸೇರಿಸಿ ಟ್ವಿಸ್ಟೆಡ್ ಪೇರ್ ಸಹಿತ ಕನೆಕ್ಟರ್ ಅಂದ್ರೆ ಡಿ1 ಬಿದ್ದೋಗಲ್ವಾ?

---

ಹಳೆಫೈಲು ಉತ್ತರ:

ಕೇಬಲ್ ಸೇರಿಸಿದ್ರೆ ಡಿ1ರ 102 ಬೀಳುತ್ತೆ ನಿಜ, ಆದ್ರೆ ಮುಖ್ಯ ಕ್ಲೇಮ್‌ನಲ್ಲಿ ಹಾಗೆ ಮಾಡಬೇಡಿ ಅಂತ ನನ್ನ ಅಭಿಪ್ರಾಯ. ನಾಳೆ ಯಾರೋ ನಿಮ್ಮ ಕನೆಕ್ಟರ್‌ನ ನಕಲು ಮಾಡಿ ಬರೀ ಕನೆಕ್ಟರ್ ಮಾರ್ತಾರೆ ಅಂದ್ಕೊಳ್ಳಿ, ಕೇಬಲ್ ಹಾಕೋದು ಇನ್ಸ್ಟಾಲ್ ಮಾಡೋರು. ಆಗ ನೇರ ಉಲ್ಲಂಘನೆ ಮಾಡಿದವರು ಕೇಬಲ್ ಹಾಕಿದವರಾಗ್ತಾರೆ, ತಯಾರಕರ ಮೇಲೆ ಹೋಗೋದಕ್ಕೆ ಪರೋಕ್ಷ ಉಲ್ಲಂಘನೆ ಸಾಬೀತು ಮಾಡಬೇಕು, ಅವರಿಗೆ ಪೇಟೆಂಟ್ ಗೊತ್ತಿತ್ತು ಅನ್ನೋದನ್ನೂ ತೋರಿಸಬೇಕಾಗುತ್ತೆ. ಬೇಕಿದ್ರೆ ಅದನ್ನ ಬೇರೆ ಇಂಡಿಪೆಂಡೆಂಟ್ ಕ್ಲೇಮ್ ಆಗಿ ಇಟ್ಕೊಳ್ಳಿ.

ಮೂತಿಯ ಅಂತರ ಖಂಡಿತ ತರಬಹುದು. ಹೊಸ ವಿಷಯ ಸೇರಿಸಬಾರದು ಅಷ್ಟೇ, ಫೈಲ್ ಮಾಡಿದ ದಿನದ ವಿವರಣೆಯಲ್ಲೋ ಚಿತ್ರದಲ್ಲೋ ಇದ್ರೆ ಆಧಾರ ಆಯ್ತು. ಆದ್ರೆ ಮಿಲಿಮೀಟರ್ ಬರೆಯೋಕೆ ಹೋಗಬೇಡಿ. ಡಿ3 ಚಿತ್ರ ಅಳೆಯಬಾರದು ಅಂತ ವಾದ ಮಾಡ್ತಾ ನಿಮ್ಮ ಚಿತ್ರ ಅಳೆದು ಸಂಖ್ಯೆ ತೆಗೆದ್ರೆ ಎರಡೂ ನಿಲ್ಲಲ್ಲ. ಕೇಬಲ್ ಒಳಗೆ ಬರೋ ದಿಕ್ಕಿನಲ್ಲಿ ಮೊದಲ ಮೂತಿಯ ತುದಿ ಎರಡನೇ ಮೂತಿಯ ತುದಿಗಿಂತ ಮುಂದಿದೆ ಅಂತ ಆಕಾರದ ಸಂಬಂಧವಾಗಿ ಬರೀರಿ.

ಟೆಸ್ಟ್ ಡೇಟಾ ಈಗ ಕೆಲಸಕ್ಕೆ ಬರುತ್ತೆ. ತಿದ್ದಿದ ಕ್ಲೇಮ್‌ಗೆ ಮುಂದೆ ಬರೋದು 103ನೇ. ಭಾಗಗಳ ಜಾಗ ಬದಲಾಯಿಸೋದು ಮಾಮೂಲಿ ಅಂತ ಅವರು 1950ರ ಜಾಪಿಕ್ಸೆ ತೀರ್ಪು ತೋರಿಸಬಹುದು, ಆದ್ರೆ ಅದು ಜಾಗ ಬದಲಾದ್ರೂ ಸಾಧನ ಕೆಲಸ ಮಾಡೋ ರೀತಿ ಬದಲಾಗದ ಸಂದರ್ಭದ್ದು. ನಿಮ್ಮಲ್ಲಿ ಬದಲಾಗುತ್ತೆ ಅನ್ನೋದನ್ನ ಪುರಾವೆ ಸಹಿತ ಕೊಡೋ ಲಿಖಿತ ಹೇಳಿಕೆ, ಅಂದ್ರೆ ರೂಲ್ 1.132 ಡಿಕ್ಲರೇಶನ್‌ನಲ್ಲಿ ತೋರಿಸಿ. ಎರಡೂ ಮೂತಿ ಒಂದೇ ಆಳದಲ್ಲಿರೋ ಒಂದು ಸ್ಯಾಂಪಲ್, ಹಿಂದೆ ಮುಂದೆ ಇರೋ ಒಂದು ಸ್ಯಾಂಪಲ್, ಬಾಕಿ ಎಲ್ಲಾ ಒಂದೇ ಥರ, ಅದೇ ಕೇಬಲ್, ಅದೇ ಫ್ರೀಕ್ವೆನ್ಸಿ. ಮಾರ್ಕೆಟ್‌ನ ಯಾವುದೋ ಕನೆಕ್ಟರ್ ಜೊತೆ ಹೋಲಿಸಿದ ಗ್ರಾಫ್ ಇಟ್ರೆ ಎಷ್ಟೇ ಚೆನ್ನಾಗಿದ್ರೂ ಪಕ್ಕಕ್ಕೆ ಇಡ್ತಾರೆ, ಹೋಲಿಕೆ ಅತಿ ಹತ್ತಿರದ ಹಳೇ ಜೋಡಣೆ ಜೊತೆಗೇ ಇರಬೇಕು.

ಉತ್ತರ ಬರೆಯೋ ಮುಂಚೆ ಅಟಾರ್ನಿಗೆ ಹೇಳಿ ಎಕ್ಸಾಮಿನರ್ ಜೊತೆ ಇಂಟರ್‌ವ್ಯೂ ಕೇಳಿ. ತಿದ್ದಿದ ಕ್ಲೇಮ್‌ನ ಡ್ರಾಫ್ಟ್ ಮುಂಚೆನೇ ಕಳಿಸಿ, 3ನೇ ಚಿತ್ರ ತೆರೆದಿಟ್ಟು ತಂತಿ ಹೋಗೋ ದಾರಿ ಬೆರಳಿಟ್ಟು ತೋರಿಸಿ. ಕಾಗದದಲ್ಲಿ ಹತ್ತು ಪುಟ ಬರೆದ್ರೂ ಅರ್ಥ ಆಗದ್ದು ಅಲ್ಲಿ ಬೇಗ ಅರ್ಥ ಆಗುತ್ತೆ. ಉತ್ತರಕ್ಕೆ ಮೂರು ತಿಂಗಳು, ಶುಲ್ಕ ಕಟ್ಟಿದ್ರೆ ಒಟ್ಟು ಆರು ತಿಂಗಳವರೆಗೆ.

---

ಕ್ಲೇಮ್‌ಚಾರ್ಟ್ ಉತ್ತರ:

ಕೇಬಲ್ ಬಗ್ಗೆ ಹಳೆಫೈಲು ಹೇಳಿದ್ದು ಒಪ್ತೀನಿ. ಒಂದು ಸೇರಿಸ್ತೀನಿ, ಉತ್ತರದಲ್ಲಿ ಅಗತ್ಯಕ್ಕಿಂತ ಒಂದು ಸಾಲೂ ಜಾಸ್ತಿ ಬರೀಬೇಡಿ. 2002ರ ಫೆಸ್ಟೋ ತೀರ್ಪಿನ ಪ್ರಕಾರ ಪೇಟೆಂಟ್ ಸಿಗೋದಕ್ಕಾಗಿ ಕ್ಲೇಮ್ ಕಿರಿದು ಮಾಡಿದ್ರೆ, ಬಿಟ್ಟುಕೊಟ್ಟ ಜಾಗವನ್ನ ಆಮೇಲೆ ಸಮಾನ ರೂಪ ಅಂತ ಹೇಳಿ ವಾಪಸ್ ಹಿಡಿಯೋದು ಕಷ್ಟ, ವಾದದಲ್ಲಿ ಹೇಳಿದ ಮಾತೂ ಹಾಗೇ ಕಟ್ಟಿಹಾಕುತ್ತೆ. "ನಮ್ಮ ಆವಿಷ್ಕಾರ ಪವರ್‌ಗೆ ಅಲ್ಲವೇ ಅಲ್ಲ" ಅಂತ ಬರೆದುಬಿಟ್ರೆ ಆಮೇಲೆ ಡೇಟಾ ಜೊತೆ ಪವರ್ ಕಳಿಸೋ ಕನೆಕ್ಟರ್ ಮೇಲೆ ಕೇಸ್ ಹಾಕೋವಾಗ ಅದೇ ಸಾಲು ಎದುರು ಪಕ್ಷದವರ ಕೈಲಿರುತ್ತೆ. ಡಿ1ರಲ್ಲಿ ಎರಡು ತಂತಿಗೆ ಒಂದೇ ಚಾನಲ್ ಇಲ್ಲ, ಹಿಂದೆ ಮುಂದೆ ಇರೋ ಮೂತಿ ಇಲ್ಲ, ಇಷ್ಟು ಸಾಕು.

ಅಗಲವಾದ ಕ್ಲೇಮ್‌ಗೆ ಇನ್ನೊಂದು ಪ್ರಯತ್ನ ಬೇಕು ಅನ್ಸಿದ್ರೆ ಇದು ಗ್ರಾಂಟ್ ಆಗೋ ಮುಂಚೆ ಕಂಟಿನ್ಯುಯೇಶನ್ (ಇದೇ ವಿವರಣೆ ಮೇಲೆ ಬೇರೆ ಕ್ಲೇಮ್ ಇರೋ ಇನ್ನೊಂದು ಅಪ್ಲಿಕೇಶನ್) ಹಾಕಿ, ದಿನಾಂಕ ಹಳೇದೇ ಸಿಗುತ್ತೆ.