ಸಹಾಯ ಬೇಕು: ಸೀರಿಯಂ ಹೈಡ್ರಾಕ್ಸೈಡ್ ಬಿಳಿಯಾಗಿ ಉಳಿಯುತ್ತಿಲ್ಲ

ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟಿಗೆ ಸೀರಿಯಂ(3) ಹೈಡ್ರಾಕ್ಸೈಡ್ ಮಾಡುತ್ತಿದ್ದೇನೆ. ಸೀರಿಯಂ ನೈಟ್ರೇಟ್ ದ್ರಾವಣಕ್ಕೆ ಅಮೋನಿಯಾ ಹನಿಸಿದ ಕೂಡಲೇ ಗಂಜಿಯಂಥ ಬಿಳಿ ಪ್ರಸಿಪಿಟೇಟ್ (ದ್ರಾವಣದಿಂದ ಬೇರ್ಪಡುವ ಘನ) ಚೆನ್ನಾಗಿಯೇ ಬರುತ್ತದೆ. ಸೋಸಲು ಶುರು ಮಾಡಿದರೆ ಫಿಲ್ಟರ್ ಪೇಪರಿನ ಅಂಚಿನಿಂದ ನೇರಳೆ ಛಾಯೆ ಹತ್ತುತ್ತದೆ. 80 ಡಿಗ್ರಿಯಲ್ಲಿ ಒಣಗಿಸಿದ ಮೇಲೆ ಪೂರ್ತಿ ಹಳದಿ. ಎಕ್ಸ್‌ಆರ್‌ಡಿಯಲ್ಲಿ (ಹರಳಿನ ರಚನೆ ನೋಡುವ ಎಕ್ಸ್-ರೇ ಪರೀಕ್ಷೆ) 28.5 ಡಿಗ್ರಿ ಕೋನದ ಹತ್ತಿರ ಸೀರಿಯಂ ಡೈಆಕ್ಸೈಡಿನ ಪೀಕ್ ಎದ್ದು ಕಾಣುತ್ತದೆ. ಗಾಳಿಯ ಆಮ್ಲಜನಕವೇ ಸೀರಿಯಂ 3+ ಅಯಾನನ್ನು ಉತ್ಕರ್ಷಿಸಿ 4+ ಮಾಡುತ್ತಿದೆ, ಅದು ಗೊತ್ತು.

ಆಮ್ಲಜನಕ ಹೊರಹಾಕಲು ನೀರು ಕುದಿಸಿ ಆರಿಸಿದೆ, ನೈಟ್ರೋಜನ್ ಹಾಯಿಸಿದೆ. ಆಗ ಬೀಕರಿನಲ್ಲಿ ಬಿಳಿಯಾಗೇ ಇತ್ತು! ಸೋಸುವಾಗ ಮತ್ತೆ ಕೆಟ್ಟಿತು. ಲ್ಯಾಂಥನಮ್‌ನಲ್ಲಿ ಈ ಕಾಟ ಇಲ್ಲ, ಆದರೆ ನನಗೆ ಸೀರಿಯಮ್ಮೇ ಬೇಕು. ನಮ್ಮ ಲ್ಯಾಬಿನಲ್ಲಿ ಗ್ಲವ್ ಬಾಕ್ಸ್ (ಗಾಳಿ ಸೋಕದಂತೆ ಒಳಗೆ ಕೈಹಾಕಿ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆ) ಇಲ್ಲ.

ಸೋಸದೆ, ಮುಚ್ಚಿದ ಸೆಂಟ್ರಿಫ್ಯೂಜ್ ಟ್ಯೂಬಿನಲ್ಲೇ ತೊಳೆದು ವ್ಯಾಕ್ಯೂಮಿನಲ್ಲಿ ಒಣಗಿಸಿದರೆ ಬಿಳಿ ಪುಡಿ ಸಿಗುತ್ತದಾ? ಮಾಡಿ ನೋಡಿದವರು ಯಾರಾದರೂ ಇದ್ದೀರಾ?