ಡಿಪಿಟಿ ಲಸಿಕೆ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯೋದು) ಆದಮೇಲೆ 101 ಜ್ವರ, ತೊಡೆಯಲ್ಲಿ ಗಟ್ಟಿ ಗಂಟು. ಪ್ಯಾರಾಸಿಟಮಾಲ್ ಎಷ್ಟು ಕೊಡಬೇಕು?

ಪುಟ್ಟಿ_ಅಮ್ಮ:
ಮಗುವಿಗೆ ನಾಲ್ಕು ತಿಂಗಳು, ತೂಕ 6 ಕಿಲೋ. ನಿನ್ನೆ ಬೆಳಗ್ಗೆ ಡಿಪಿಟಿ ಆಯ್ತು. ರಾತ್ರಿಯಿಂದ 101 ಡಿಗ್ರಿ ಜ್ವರ. ಸೂಜಿ ಚುಚ್ಚಿದ ಕಡೆ ತೊಡೆ ಕೆಂಪಾಗಿ ಗಟ್ಟಿಯಾಗಿದೆ. ಹಾಲು ಕುಡೀತಾಳೆ. ಮನೆಯಲ್ಲಿ ಪ್ಯಾರಾಸಿಟಮಾಲ್ ಡ್ರಾಪ್ಸೂ ಇದೆ, ಸಿರಪ್ಪೂ ಇದೆ. ಯಾವುದು, ಎಷ್ಟು? ಮುಂದಿನ ಸಲ ಚುಚ್ಚುವ ಮೊದಲೇ ಕೊಟ್ಟುಬಿಡಲಾ?

ಡೋಸ್‌ಲೆಕ್ಕ:
ವಯಸ್ಸು ಬಿಡಿ, ತೂಕ ನೋಡಿ. ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ, ಅಂದ್ರೆ 6 ಕಿಲೋಗೆ 60ರಿಂದ 90. ಎಡವಟ್ಟಾಗೋದು ಬಾಟಲಿಯಲ್ಲಿ. 5 ಎಂಎಲ್‌ಗೆ 120 ಮಿಲಿಗ್ರಾಂ ಇರುವ ಸಿರಪ್ ಆದರೆ 2.5 ಎಂಎಲ್ ಸಾಕು. ಡ್ರಾಪ್ಸ್‌ನಲ್ಲಿ 1 ಎಂಎಲ್‌ಗೇ 100 ಮಿಲಿಗ್ರಾಂ ಇದ್ದರೆ 0.6 ಎಂಎಲ್ ಮಾತ್ರ. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಹಾಕಿದರೆ 250 ಮಿಲಿಗ್ರಾಂ ಹೋಗುತ್ತೆ, ನಾಲ್ಕು ಪಟ್ಟಿಗೂ ಜಾಸ್ತಿ! 5 ಎಂಎಲ್‌ಗೆ 250 ಮಿಲಿಗ್ರಾಂ ಇರುವ ಸಿರಪ್ಪೂ ಸಿಗುತ್ತೆ, ಹಾಗಾಗಿ ಲೇಬಲ್ ಓದದೆ ಅಳೆಯಬೇಡಿ. ಮನೆ ಚಮಚ ಬೇಡ, ಸೂಜಿಯಿಲ್ಲದ ಸಿರಿಂಜ್ ತಗೊಳ್ಳಿ.

ಎರಡು ಡೋಸ್ ನಡುವೆ ಕನಿಷ್ಠ 4ರಿಂದ 6 ಗಂಟೆ, ದಿನಕ್ಕೆ ನಾಲ್ಕು ಸಲ ಮೀರಬಾರದು. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. ಚುಚ್ಚುವ ಮೊದಲೇ ಕೊಡೋದು ಡಾಕ್ಟರ್ ಹೇಳಿದರೆ ಮಾತ್ರ. ಕೆಲವು ಲಸಿಕೆಗಳಲ್ಲಿ ಅದರಿಂದ ಪ್ರತಿಕಾಯ (ರೋಗದ ವಿರುದ್ಧ ಹೋರಾಡುವ ಪ್ರೋಟೀನ್) ಸ್ವಲ್ಪ ಕಡಿಮೆ ಹುಟ್ಟಿದ್ದು ಕಂಡಿದೆ. ಮೂರು ತಿಂಗಳಿಗಿಂತ ಚಿಕ್ಕ ಮಗುವಿಗೆ 100.4 ದಾಟಿದರೆ ಮನೆಮದ್ದು ಬೇಡ, ತೋರಿಸಿ.

ಕೋಲ್ಡ್‌ಬಾಕ್ಸ್:
ಗಂಟಿನ ವಿಚಾರ. ಡಿಪಿಟಿಯಲ್ಲಿ ಅಲ್ಯುಮಿನಿಯಂ ಲವಣ ಇರುತ್ತೆ. ಅದು ಲಸಿಕೆಯನ್ನು ಚುಚ್ಚಿದ ಜಾಗದಲ್ಲೇ ಹಿಡಿದಿಟ್ಟು ದೇಹವನ್ನು ಎಚ್ಚರಿಸುತ್ತೆ. ಕೆಂಪು, ನೋವು ಎರಡು ದಿನದಲ್ಲಿ ಇಳಿಯುತ್ತೆ. ನೋವಿಲ್ಲದ ಗಂಟು ಕೆಲವು ವಾರ ಉಳಿಯಬಹುದು, ತಾನಾಗೇ ಕರಗುತ್ತೆ. ತಣ್ಣೀರಿನ ಬಟ್ಟೆ ಇಡಿ, ಉಜ್ಜಬೇಡಿ. ಸೂಜಿ ಸ್ನಾಯುವಿಗಿಳಿಯದೆ ಚರ್ಮದಡಿಯ ಕೊಬ್ಬಿನಲ್ಲೇ ನಿಂತರೆ ಊತ ಜಾಸ್ತಿ. ಒಮ್ಮೆ ಹೆಪ್ಪುಗಟ್ಟಿ ಕರಗಿದ ಡೋಸ್‌ನಿಂದಲೂ ಹಾಗಾಗುತ್ತೆ, ಅದರ ಶಕ್ತಿಯೂ ಹೋಗಿರುತ್ತೆ. ಅದಕ್ಕೇ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇಡಬೇಕು ಅಂತ ಅಷ್ಟು ಹಟ.

ದಿನ ಕಳೆದಂತೆ ಊತ ಇಳಿಯದೆ ಹೆಚ್ಚಿದರೆ, ಮುಟ್ಟಿದರೆ ಬಿಸಿಯಾಗಿ ಮೆತ್ತಗೆ ಕೀವು ಆಡಿದಂತಿದ್ದರೆ ತೋರಿಸಿ.

ಮಳೆಹಕ್ಕಿ:
ಜ್ವರ ಎಷ್ಟು ಅನ್ನೋದಕ್ಕಿಂತ ಯಾವಾಗ ಬಂತು ಅನ್ನೋದು ಹೆಚ್ಚು ಹೇಳುತ್ತೆ. ಡಿಪಿಟಿ ಜ್ವರ ಸಾಮಾನ್ಯವಾಗಿ ಮೊದಲ 24 ಗಂಟೆಯಲ್ಲೇ ಶುರು. ಎರಡು ದಿನ ಕಳೆದರೂ ಬಿಡದಿದ್ದರೆ ಲಸಿಕೆಯ ತಲೆಗೆ ಕಟ್ಟಿ ಕೂರಬೇಡಿ, ಬೇರೆ ಸೋಂಕು ಹುಡುಕಬೇಕು. ದಡಾರದ ಲಸಿಕೆ ಬೇರೆ ಜಾತಿ: ಅದರಲ್ಲಿರೋದು ದುರ್ಬಲಗೊಳಿಸಿದ ಜೀವಂತ ವೈರಸ್, ಅದು ಬೆಳೆಯೋಕೆ ಸಮಯ ಬೇಕು. ಹಾಗಾಗಿ ಜ್ವರ, ಸಣ್ಣ ಗುಳ್ಳೆ ಬರೋದು ವಾರದ ಮೇಲೆ, 12 ದಿನದೊಳಗೆ. ರೋಟಾ ಹನಿ (ಭೇದಿ ತಡೆಯಲು ಬಾಯಿಗೆ ಹಾಕುವ ಲಸಿಕೆ) ಆದ ವಾರದಲ್ಲಿ ಮಗು ಕಾಲು ಮಡಿಚಿ ಬಿಟ್ಟು ಬಿಟ್ಟು ಕಿರುಚಿ ಅತ್ತು, ವಾಂತಿ ಮಾಡಿ, ಮಲದಲ್ಲಿ ರಕ್ತ ಬಂದರೆ ಕರುಳು ಒಂದರೊಳಗೊಂದು ಸಿಕ್ಕಿರಬಹುದು. ತುಂಬಾ ಅಪರೂಪ, ಆದರೆ ಆಗ ಬೆಳಗಾಗಲಿ ಅಂತ ಕಾಯಬೇಡಿ.

ಡಿಪಿಟಿಗೆ ಸಂಬಂಧಿಸಿ ಆಸ್ಪತ್ರೆಗೆ ಓಡಬೇಕಾದ್ದು: ಮೂರು ಗಂಟೆ ಬಿಡದೆ ಅಳು, ಫಿಟ್ಸ್, ಮಗು ಬಿಳಿಚಿ ಬಟ್ಟೆ ಹಾಗೆ ಜೋತುಬೀಳೋದು. ಮುಖ ಊದಿ, ಮೈಯೆಲ್ಲ ದದ್ದೆದ್ದು, ಉಸಿರಲ್ಲಿ ಸುಯ್ ಶಬ್ದ ಬಂದರೆ ಅಲರ್ಜಿ. ಸುಮಾರು 10 ಲಕ್ಷ ಡೋಸ್‌ಗೆ ಒಂದು. ಬಹುಪಾಲು ಅರ್ಧ ಗಂಟೆಯೊಳಗೇ ಬರುತ್ತೆ, ಚುಚ್ಚಿಸಿದ ಮೇಲೆ ಅಲ್ಲೇ ಕೂರಿಸೋದು ಅದಕ್ಕೇ. ಈ ಅಲರ್ಜಿಗೆ ಮೊದಲ ಮದ್ದು ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್.

ಪುಟ್ಟಿ_ಅಮ್ಮ:
ಸಿರಪ್ 120ರದ್ದೇ. 2.5 ಎಂಎಲ್ ಕೊಟ್ಟೆ. ಇಷ್ಟು ಜ್ವರ ಬಂತು ಅಂತ ಮುಂದಿನ ಡೋಸ್ ಬಿಡಬೇಕಾ?

ಡೋಸ್‌ಲೆಕ್ಕ:
ಬೇಡ. ಜ್ವರ, ಊತ ಡೋಸ್ ಬಿಡೋಕೆ ಕಾರಣವಲ್ಲ. ಹಿಂದಿನ ಡೋಸ್‌ಗೆ ತೀವ್ರ ಅಲರ್ಜಿ ಆಗಿದ್ದರೆ, ಅಥವಾ ಏಳು ದಿನದೊಳಗೆ ಬೇರೆ ಕಾರಣವಿಲ್ಲದೆ ಮಿದುಳಿನ ತೊಂದರೆ ಕಂಡಿದ್ದರೆ ಮಾತ್ರ ನಿಲ್ಲಿಸೋದು. ಈ ಸಲ ಆಗಿದ್ದನ್ನು ದಿನ, ಗಂಟೆ ಸಮೇತ ಲಸಿಕೆ ಕಾರ್ಡಿನ ಹಿಂದೆ ಬರೆದಿಡಿ, ಮುಂದಿನ ಡೋಸನ್ನು ಇನ್ನೊಂದು ತೊಡೆಗೆ ಕೇಳಿ.