‘ವಿಚಾರಣೆಗೆ ಹಾಜರಾಗುವ ಸಾರ್ವಜನಿಕರು’ ಸರಿಯೇ? ಬೋರ್ಡಿಗೆ ಬೇಕು, ತುರ್ತು

ಗೆಳೆಯರೇ, ನಮಸ್ಕಾರ.
ಕೋರ್ಟಿನ ವಿಚಾರಣೆಯನ್ನು ಯಾರು ಬೇಕಾದರೂ ಕೂತು ನೋಡಬಹುದು ಎಂದು ತಿಳಿಸುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜೊತೆಗೆ ಹಿಂದಿನ ಬೆಂಚುಗಳ ಹತ್ತಿರ ಹಾಕಲು ಒಂದು ಬೋರ್ಡು. ‘ವಿಚಾರಣೆಗೆ ಹಾಜರಾಗುವ ಸಾರ್ವಜನಿಕರು’ ಎಂದು ಬರೆದೆ. ಯಾಕೋ ಕಿವಿಗೆ ಒಗ್ಗುತ್ತಿಲ್ಲ. ನಾಳೆ ಬೆಳಗ್ಗೆ ಅಚ್ಚಿಗೆ ಕೊಡಬೇಕು.

ಮರು 1:
‘ಹಾಜರು’ ಅರಬ್ಬಿ. ‘ವಿಚಾರಣೆ’, ‘ಸಾರ್ವಜನಿಕ’ ಸಂಸ್ಕೃತ. ಕನ್ನಡದ್ದು ‘ಆಗುವ’ ಮಾತ್ರ. ‘ನೋಡುಗರು’ ಎನ್ನಿ, ಮುಗಿಯಿತು. ‘ಪ್ರೇಕ್ಷಕರು’ ಅಂತೂ ಬೇಡವೇ ಬೇಡ, ಅದು ನಾಟಕ ಸಿನಿಮಾದ ಮಾತು.

ಮರು 2:
‘ಹಾಜರು’ ಬೇಡ ಎನ್ನುವುದು ಸರಿ, ಕೊಟ್ಟ ಕಾರಣ ತಪ್ಪು. ಅರಬ್ಬಿ ಎಂದು ಬಿಡುವುದಾದರೆ ವಕೀಲ, ವಾಯಿದೆ, ಜಾಮೀನು, ರಾಜಿ ಎಲ್ಲವನ್ನೂ ಬಿಡಬೇಕು. ಇವಿಲ್ಲದೆ ಕೋರ್ಟಿನ ಬಗ್ಗೆ ನಾಲ್ಕು ಮಾತೂ ಆಡಲಾಗದು.

ತೊಂದರೆ ಇರುವುದು ಅರ್ಥದಲ್ಲಿ. ಕೋರ್ಟಿಗೆ ಹಾಜರಾಗುವವರು ಆರೋಪಿ, ಸಾಕ್ಷಿ, ವಕೀಲರು. ಸಮನ್ಸ್ ಬಂದರೆ ಹೋಗಲೇಬೇಕು, ತಪ್ಪಿಸಿದರೆ ವಾರಂಟು ಬರಬಹುದು. ನೋಡಲು ಬಂದವರಿಗೆ ಆ ಹೊಣೆ ಇಲ್ಲ. ಸದ್ದು ಮಾಡದೆ ಎದ್ದು ಹೋದರೆ ಯಾಕೆ ಎಂದು ಕೇಳುವವರಿಲ್ಲ. ‘ಭಾಗವಹಿಸುವ’ ಎಂದರೆ ಇನ್ನೂ ತಪ್ಪು. ಅಲ್ಲಿ ಅವರು ಬಾಯಿ ಬಿಡುವಂತೆಯೇ ಇಲ್ಲ.

ನಮ್ಮ ಆಡುಮಾತೂ ಇಲ್ಲಿ ಕೈ ಕೊಡುತ್ತದೆ. ‘ಕೋರ್ಟಿಗೆ ಹೋದರು’ ಎಂದರೆ ಕೇಸು ಹಾಕಿದರು ಅಂತಲೇ. ‘ಕೋರ್ಟು ಮೆಟ್ಟಿಲು ಹತ್ತಿದರು’ ಕೂಡ ಅದೇ. ನಾನೊಮ್ಮೆ ನೋಡಲೆಂದೇ ಹೋಗಿದ್ದೆ. ಬಾಗಿಲಲ್ಲಿ ನಿಂತಿದ್ದವರು ‘ಯಾವ ಕೇಸು? ಇವತ್ತು ವಾಯಿದೆ ಇದೆಯಾ?’ ಎಂದರು. ‘ಇಲ್ಲ, ಸುಮ್ನೆ ನೋಡೋಕೆ ಬಂದೆ’ ಎಂದೆ. ಬೇರೆ ಮಾತು ಹೊಳೆಯಲಿಲ್ಲ. ಅವರು ಕೈಯಲ್ಲೇ ಹಿಂದಿನ ಬೆಂಚು ತೋರಿಸಿದರು. ಆ ‘ನೋಡೋಕೆ ಬಂದೆ’ ಇದೆಯಲ್ಲ, ನಿಮಗೆ ಬೇಕಾದದ್ದು ಅದು. ಅದನ್ನು ನಾಮಪದ ಮಾಡಲೇಬೇಕೆಂದಿಲ್ಲ. ಬೋರ್ಡಿಗೆ ‘ವಿಚಾರಣೆ ನೋಡಲು ಬಂದವರು ಇಲ್ಲಿ ಕುಳಿತುಕೊಳ್ಳಿ’ ಎಂದು ಬರೆಯಿರಿ.

ಕೈಪಿಡಿಯಲ್ಲಿ ‘ಸಾರ್ವಜನಿಕ ವಿಚಾರಣೆ’ ಎಂದಿದ್ದರೆ ದಯವಿಟ್ಟು ತೆಗೆಯಿರಿ. ಜನರೇ ಎದ್ದು ಅಹವಾಲು ಹೇಳುವ ಸಭೆ ಅನ್ನಿಸುತ್ತದೆ. ‘ಬಹಿರಂಗ ವಿಚಾರಣೆ’ ಸರಿ. ಬಹಿರಂಗ ಹರಾಜು, ಬಹಿರಂಗ ಸಭೆ ಎಲ್ಲರಿಗೂ ಗೊತ್ತು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 10ನೇ ವಿಧಿ ಹೇಳುವುದೂ ಇಂಥ ವಿಚಾರಣೆಯನ್ನೇ. ಮತ್ತೆ ‘ಇನ್ ಕ್ಯಾಮೆರಾ’ ಬಂದರೆ ಹುಷಾರು. ಆ ಲ್ಯಾಟಿನ್ ಕ್ಯಾಮೆರಾ ಎಂದರೆ ಕೋಣೆ. ‘ಕ್ಯಾಮೆರಾ ಎದುರು ವಿಚಾರಣೆ’ ಎಂದು ಬರೆದರೆ ಅರ್ಥ ಪೂರ್ತಿ ತಲೆಕೆಳಗಾಗುತ್ತದೆ. ‘ಮುಚ್ಚಿದ ಬಾಗಿಲ ವಿಚಾರಣೆ’ ಎನ್ನಿ. ಹೊರಗಿನವರನ್ನು ಒಳಗೆ ಬಿಡುವುದಿಲ್ಲ ಎಂಬುದು ಅದರಲ್ಲೇ ಇದೆ.

ಮರು 1ರವರಿಂದ:
ವಕೀಲ ಬಂದಾಗಿದೆ, ಇರಲಿ. ಹಾಗಂತ ಇನ್ನಷ್ಟು ತಂದು ಸುರಿಯಬೇಕೇ? ‘ಬಹಿರಂಗ’ ಯಾಕೆ, ‘ತೆರೆದ’ ಇಲ್ಲವೇ? ‘ಕೇಳು’ ಎಂಬ ನಮ್ಮ ಪದವನ್ನೇ ನೋಡಿ. ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ವಕೀಲರು ಕೇಳುತ್ತಾರೆ, ನ್ಯಾಯಾಧೀಶರು ಕೇಳುತ್ತಾರೆ, ಹಿಂದೆ ಕೂತವರೂ ಕೇಳುತ್ತಾರೆ. ಇಡೀ ಕೋರ್ಟು ಒಂದು ಪದದಲ್ಲಿದೆ. ‘ತೆರೆದ ಕೇಳ್ಮೆ’ ಎನ್ನಿ.

ಮರು 2ರವರಿಂದ:
‘ಕೇಳು’ ಬಗ್ಗೆ ನೀವು ಹೇಳಿದ್ದು ಚೆನ್ನಾಗಿದೆ, ಒಪ್ಪುತ್ತೇನೆ. ‘ಕೇಳ್ಮೆ’ ಒಪ್ಪುವುದಿಲ್ಲ. ಮೊದಲ ಸಲ ಕೋರ್ಟಿನ ಒಳಗೆ ಕಾಲಿಟ್ಟವರು ಬೋರ್ಡಿನ ಮುಂದೆ ನಿಂತು ಅರ್ಥ ಹುಡುಕಬಾರದು.

ಪ್ರಶ್ನೆ ಕೇಳಿದವರಿಂದ:
‘ನೋಡಲು ಬಂದವರು’ ಎಂದೇ ಅಚ್ಚಿಗೆ ಕಳಿಸಿದೆ. ಇಬ್ಬರಿಗೂ ವಂದನೆ. ಇನ್ನೊಂದು ಉಳಿದಿದೆ. ಆರೋಪಿ ನಿಲ್ಲುವ ಜಾಗಕ್ಕೂ ಸಾಕ್ಷಿ ನಿಲ್ಲುವ ಜಾಗಕ್ಕೂ ನಾವು ‘ಕಟಕಟೆ’ ಅಂತಲೇ ಹೇಳುತ್ತೇವೆ ಅಲ್ವಾ? ಕೈಪಿಡಿಯ ಚಿತ್ರದಲ್ಲಿ ಎರಡನ್ನೂ ಬೇರೆ ಬೇರೆ ತೋರಿಸಿದ್ದಾರೆ.